‘ಸಂಸ್ಕಾರ’ವೂ ನಮ್ಮ ಸೀಮೆಯ ಓದುಗರೂ

ಮನೆಯಲ್ಲಿ ಒಂದು ಹೆಣ ಬಿದ್ದಿದೆ. ಅದಕ್ಕೆ ಉತ್ತರಕ್ರಿಯೆ ಮಾಡತಕ್ಕವರು ಯಾರು? ಇಷ್ಟೇ ಪ್ರಶ್ನೆಯನ್ನು ಬೀಜವಾಗಿ ಇರಿಸಿಕೊಂಡ ಒಂದು ಚಿಕ್ಕ ಕಾದಂಬರಿ ೧೯೬೫ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಬರೆದವರು ಯು. ಆರ್. ಅನಂತಮೂರ್ತಿಯವರು, ಆಗ ಅವರಿಗೆ ಮೂವತ್ತಮೂರು ವರ್ಷ ತುಂಬಿರಲಿಲ್ಲ. ಹೆಸರು ‘ಸಂಸ್ಕಾರ’. ಅಂದು ಆರಂಭವಾದ ವಾದ ಇಂದಿಗೂ ಪೂರ್ತಿಯಾಗಿ ನಿಂತಿಲ್ಲವೆಂಬುದನ್ನು ತಾವೂ ಬಲ್ಲಿರಿ. ಒಬ್ಬರು ಅದನ್ನು ಕನ್ನಡದ ನವ್ಯ ಕಾದಂಬರಿಗಳಿಗೆಲ್ಲ ಮುಕುಟವೆನ್ನುವರು. ಇನ್ನೊಬ್ಬರು ಒಂದು ಸಮಾಜದ ಮುಖಕ್ಕೆ ಬಳಿದ ಮಸಿಯೆನ್ನುವರು. ಈ ಎರಡು ಅಭಿಪ್ರಾಯಗಳು ಹೇಗೆ ಬೆಳೆದು ಬಂದವು, ನಮ್ಮ ರಾಯಚೂರು ಸೀಮೆಯಲ್ಲಿ ಅವು ಏನು ರೂಪ ತಾಳಿದುವು ಎಂಬುದನ್ನು ತಮ್ಮ ಮುಂದಿಡಬೇಕೆಂದು ಹೊರಟಿದ್ದೇನೆ.

ಮಲೆನಾಡಿನ ಅಗ್ರಹಾರದ ಕಥೆಗೂ ಬಿಸಿಲು ಬೀಳುವ ನಮ್ಮ ದೋಆಬಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಕಾದಂಬರಿಯ ದೂರ್ವಾಸಪುರ ಮಾಧ್ವರ ಅಗ್ರಹಾರ. ಇನ್ನು ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ನೆಲವೋ ಹರಿದಾಸ ಸಾಹಿತ್ಯದ ಎರಡನೆಯ ತವರುಮನೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇರುವುದು ಮಾನವಿ ತಾಲ್ಲೂಕಿನಲ್ಲಿ. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನಲ್ಲಿ. ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ಅವರ ಮನೆಯ ಕಂಬಕ್ಕೆ ಇಂದಿಗೂ ಪೂಜೆ ಸಲ್ಲುತ್ತಿದೆ. ಲಿಂಗಸುಗೂರಿನ ಒಬ್ಬ ದಾಸರ ಹೆಸರಂತೂ ಪ್ರಾಣೇಶದಾಸರೆಂದೇ. ಕಾದಂಬರಿಯ ನಾಯಕನ ಹೆಸರು ಪ್ರಾಣೇಶಾಚಾರ್ಯ! ಇಂತಹ ಸೀಮೆಯ ಮನೆಗಳಲ್ಲಿ ಈ ಪುಸ್ತಕವನ್ನು ಬರಿಯ ಕಥೆಯೆಂದು ಓದಿ ಮಡಿಸಿಡುವುದು ಸಾಧ್ಯವೇ ಇರಲಿಲ್ಲ.

ಓದದೆ ಇದ್ದವರಿಗಾಗಿ ಕಥೆಯ ಎಳೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅಗ್ರಹಾರದ ನಾರಣಪ್ಪನೆಂಬವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ತಂದಿಟ್ಟುಕೊಂಡವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮದ್ಯಮಾಂಸ ಸೇವಿಸಿದವನು. ಬಹಿಷ್ಕರಿಸಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದರಿಂದ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಶಿವಮೊಗ್ಗೆಗೆ ಹೋಗಿ ಬಂದವನು ಜ್ವರ ಬಂದು ಸತ್ತನು. ಹೊರಗೆ ಹಾಕದ ಮೇಲೆ ಅವನು ಬ್ರಾಹ್ಮಣನೇ; ಬ್ರಾಹ್ಮಣನಾದ ಮೇಲೆ ಬ್ರಾಹ್ಮಣರೇ ಕರ್ಮ ಮಾಡಬೇಕು; ಆದರೆ ಮಾಡಿದವರಿಗೆ ಮೈಲಿಗೆ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯನು ಧರ್ಮಶಾಸ್ತ್ರವನ್ನೆಲ್ಲ ತಿರುವಿದರೂ ಉತ್ತರ ದೊರೆಯದು. ಮಾರುತಿಯ ಗುಡಿಯಲ್ಲಿ ಪ್ರಸಾದ ಬೇಡಿದರೂ ದೇವರು ಮೌನ. ಆ ಸಂಜೆಯ ಕತ್ತಲೆಯಲ್ಲಿ, ಕಾಡಿನಲ್ಲಿ, ಆಚಾರ್ಯನು ಚಂದ್ರಿಯೊಡನೆ ಕೂಡುತ್ತಾನೆ. ಅಲ್ಲಿಂದ ಮುಂದೆ ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ, ರೋಗಿಷ್ಠಳಾದ ಹೆಂಡತಿ ಭಾಗೀರಥಿ ಸಾಯುತ್ತಾಳೆ. ಆಚಾರ್ಯನು ಊರು ಬಿಟ್ಟು ಅಲೆಯುತ್ತಾನೆ. ಮೇಳಿಗೆಯ ತೇರಿನ ಸಂದಣಿಯಲ್ಲಿ ಪುಟ್ಟನೆಂಬ ಮಾತುಗಾರ ಜೊತೆಯಾಗುತ್ತಾನೆ. ಕೊನೆಗೆ ಆಚಾರ್ಯನು ದೂರ್ವಾಸಪುರದ ದಾರಿ ಹಿಡಿದ ಗಾಡಿಯಲ್ಲಿ ಕುಳಿತಿರುವಾಗಲೇ ಪುಸ್ತಕ ನಿಲ್ಲುತ್ತದೆ. ಅವನು ಹೋಗಿ ಏನು ಹೇಳಿದನೆಂಬುದನ್ನು ಗ್ರಂಥಕರ್ತರು ಹೇಳಿಲ್ಲ.

ಪಂಡಿತ ಪರೀಕ್ಷೆಗೆ ಓದಿದವನಾದ ನನಗೆ ಮೊದಲು ಕಂಡುದು ಶೀರ್ಷಿಕೆಯ ಚಮತ್ಕಾರ. ‘ಕೃ’ ಧಾತುವಿಗೆ ‘ಸಮ್’ ಸೇರಿದಾಗ ನಡುವೆ ಒಂದು ಸಕಾರ ಬರುವುದು ಅಲಂಕರಿಸುವುದೆಂಬ ಅರ್ಥದಲ್ಲಿ ಎಂದು ವ್ಯಾಕರಣದ ವಿಧಿ. ಶುದ್ಧಮಾಡುವುದು, ತಿದ್ದುವುದು, ಮನಸ್ಸಿನ ಮೇಲೆ ಉಳಿಯುವ ಹಿಂದಿನ ಅಚ್ಚು, ಷೋಡಶಕರ್ಮಗಳು, ಕಡೆಗೆ ಹೆಣಕ್ಕೆ ಕೊಡುವ ಬೆಂಕಿ, ಇವೆಲ್ಲಕ್ಕೂ ಅದೇ ಮಾತು. ‘ಸಂಸ್ಕಾರವಂತ’ ಎಂದು ನಾವು ಹೊಗಳುವ ಶಬ್ದವೂ, ‘ಸಂಸ್ಕಾರ ಆಯಿತೇ?’ ಎಂದು ಸಾವಿನ ಮನೆಯಲ್ಲಿ ಕೇಳುವ ಶಬ್ದವೂ ಒಂದೇ. ಓದುಗರು ಎರಡು ಪಕ್ಷವಾದುದಕ್ಕೆ ಅರ್ಧ ಕಾರಣ ಈ ಶಬ್ದದಲ್ಲೇ ಇದೆಯೆಂದು ನನಗನ್ನಿಸುತ್ತದೆ. ಒಬ್ಬರು ಅದನ್ನು ಒಂದು ಕುಲದ ಸಂಸ್ಕಾರದ ಮೇಲಣ ತೀರ್ಪೆಂದು ಓದಿದರು. ಇನ್ನೊಬ್ಬರು ಒಬ್ಬ ಮನುಷ್ಯನು ಸುಟ್ಟು ಹೊಸದಾಗುವ ಕಥೆಯೆಂದು ಓದಿದರು.

ಮನೋಹರ ಗ್ರಂಥಮಾಲೆಯನ್ನು ೧೯೩೩ರಲ್ಲಿ ಕಟ್ಟಿದವರು ಜಿ. ಬಿ. ಜೋಶಿಯವರು. ಪುಸ್ತಕಗಳು ಚಂದಾದಾರರಿಗೆ ಅಂಚೆಯಲ್ಲಿ ಬರುತ್ತಿದ್ದುವು. ಈ ಪದ್ಧತಿಯ ಬೆಲೆ ಏನೆಂಬುದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ೧೯೪೮ರ ವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಶಾಲೆ ಕಚೇರಿಗಳಲ್ಲಿ ಉರ್ದು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಲನ ನಡೆದುದನ್ನು ಹಿರಿಯರು ಮದುವೆಯ ಸಂಭ್ರಮದಂತೆ ನೆನೆಯುತ್ತಿದ್ದರು. ಕನ್ನಡ ಪುಸ್ತಕದ ಅಂಗಡಿ ಕೈಗೆ ಸಿಗುವಷ್ಟು ಹತ್ತಿರ ಇರದ ಊರುಗಳಲ್ಲಿ ಅಂಚೆಯವನೇ ಗ್ರಂಥಭಂಡಾರ. ಮಾನವಿಯಲ್ಲಿದ್ದ ನನ್ನ ಸೋದರಮಾವನು ಹಾಗೆ ತರಿಸುತ್ತಿದ್ದವರಲ್ಲಿ ಒಬ್ಬ. ಪುಸ್ತಕ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ; ಆದರೆ ಅದರ ಮೇಲಿನ ಜಗಳ ನನ್ನ ಬಾಲ್ಯದ ಉದ್ದಕ್ಕೂ ನಡೆಯುತ್ತಲೇ ಇದ್ದಿತು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು, ಧಾರವಾಡ ನಿಲಯದ ಸಂಗೀತ ಮುಗಿದ ಮೇಲೆ, ಅಜ್ಜನೂ ಮಾವನೂ ಪ್ರಾಣೇಶಾಚಾರ್ಯನನ್ನು ಎಳೆದಾಡುತ್ತಿದ್ದುದು ನನ್ನ ಕಿವಿಯಲ್ಲಿದೆ.

ಅಜ್ಜನಿಗೆ ಕೋಪ ಬಂದುದು, ತಾವು ಊಹಿಸುವಂತೆ, ಚಂದ್ರಿಯ ಪ್ರಸಂಗಕ್ಕಲ್ಲ. ‘ಪುರಾಣದಾಗ ವಿಶ್ವಾಮಿತ್ರ ಬಿದ್ದಿಲ್ಲೇನು?’ ಎನ್ನುತ್ತಿದ್ದನು. ಅವನನ್ನು ಕೆರಳಿಸಿದುದು ಎರಡು ಸಂಗತಿಗಳು. ಹೆಂಡತಿ ಸತ್ತ ಸೂತಕದಲ್ಲಿದ್ದ ಆಚಾರ್ಯನು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನಲ್ಲ, ಅದು ಒಂದು. ತನ್ನ ಪಾಪ ತನಗಿರಲಿ, ಪಕ್ಕದಲ್ಲಿ ಕುಳಿತವನ ಊಟವನ್ನು ಕೆಡಿಸುವ ಅಧಿಕಾರ ಅವನಿಗೆ ಯಾರು ಕೊಟ್ಟರು ಎಂಬುದು ಅಜ್ಜನ ಪ್ರಶ್ನೆ. ಎರಡನೆಯದು, ಅಗ್ರಹಾರದ ಉಳಿದ ಬ್ರಾಹ್ಮಣರ ಚಿತ್ರ. ಒಬ್ಬನು ಹೊಟ್ಟೆಬಾಕ, ಒಬ್ಬನು ಮಾಟಗಾರನೆಂಬ ಅಪವಾದ ಹೊತ್ತವನು. ಚಂದ್ರಿ ಮೈಮೇಲಿನ ಬಂಗಾರವನ್ನು ಬಿಚ್ಚಿಟ್ಟ ಕೂಡಲೆ ಕರ್ಮ ಮಾಡಲು ಒಲ್ಲೆನೆಂದವರಿಗೇ ಆಸೆ ಹುಟ್ಟುತ್ತದೆ. ‘ಇಷ್ಟು ಮಂದ್ಯಾಗ ಒಬ್ಬನೂ ಒಳ್ಳೆಯವ ಇರಲಿಲ್ಲೇನು?’ ಎಂದು ಅಜ್ಜ ಕೇಳಿದಾಗ ಮಾವ ಸುಮ್ಮನಾಗುತ್ತಿದ್ದನು. ಈ ಆಕ್ಷೇಪಣೆಯಲ್ಲಿ ಹುರುಳಿದೆಯೆಂದು ನಾನೂ ಒಪ್ಪುತ್ತೇನೆ. ಆಚಾರ್ಯನ ಒಳಮನಸ್ಸನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಿದ ಲೇಖನಿ ಅವನ ನೆರೆಹೊರೆಯವರನ್ನು ಎರಡು ಗೀಟಿನಲ್ಲಿ ಮುಗಿಸಿಬಿಟ್ಟಿದೆ. ಇದನ್ನು ಹೇಳಿದವರನ್ನೆಲ್ಲ ಮಡಿವಂತರೆಂದು ತಳ್ಳಿಹಾಕಿದ್ದು ನಮ್ಮ ವಿಮರ್ಶೆಗೆ ಶೋಭೆಯಲ್ಲ. ಪುಸ್ತಕವನ್ನು ಎದುರಿಸಿದವರಲ್ಲಿ ಅನೇಕರು ಅದನ್ನು ಹೊಗಳಿದವರಿಗಿಂತ ಹೆಚ್ಚು ಲಕ್ಷ್ಯವಿಟ್ಟು ಓದಿದ್ದರು.

ಮಾವನ ಉತ್ತರ ಮಾನವಿಯ ಮಣ್ಣಿನಿಂದಲೇ ಬರುತ್ತಿತ್ತು. ಜಗನ್ನಾಥದಾಸರ ಪೂರ್ವಾಶ್ರಮದ ಕಥೆ ತಮಗೆ ಗೊತ್ತಷ್ಟೆ. ಶ್ರೀನಿವಾಸಾಚಾರ್ಯರೆಂದು ಹೆಸರು, ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದ ಹಾಡು ಕಟ್ಟುವವರ ಮನೆಯ ಪಂಕ್ತಿ ಏಕೆಂದು, ಹೊಟ್ಟೆನೋವೆಂಬ ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವ ನಿಜವಾಗಿ ನೋವು ಹತ್ತಿತು. ಶಾಸ್ತ್ರ ಮದ್ದು ಯಾವುದೂ ನಿಲ್ಲಿಸಲಿಲ್ಲ. ಕೊನೆಗೆ ಗೋಪಾಲದಾಸರ ಬಳಿಗೆ ಹೋದಾಗ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು ಉಳಿಸಿದರೆಂದು ನಂಬಿಕೆ. ಪಂಡಿತನು ದಾಸನಾದನು, ಸಂಸ್ಕೃತದ ನಾಲಗೆ ಭಾಮಿನಿ ಷಟ್ಪದಿಯಲ್ಲಿ ಕನ್ನಡವಾಡಿತು. ‘ಪುಸ್ತಕದ ಆಚಾರ್ಯನೂ ಅದೇ ದಾರ್ಯಾಗ ಹೊಂಟಾನ. ಓದಿದ್ದೆಲ್ಲ ಸೋತ ಮ್ಯಾಲೆ ಮನುಷ್ಯಾಗ ಕಣ್ಣು ಬರತಾವ’ ಎಂಬುದು ಮಾವನ ವಾದ. ಇದು ಮೊದಲ ಕೇಳ್ವಿಗೆ ಬಹಳ ಚೆಂದ. ನಾನು ಹುಡುಗನಾಗಿದ್ದಾಗ ಮಾವನೇ ಗೆದ್ದನೆಂದು ತಿಳಿದಿದ್ದೆ.

ಆದರೆ ಅಜ್ಜ ಬಿಡಲಿಲ್ಲ. ‘ಬಿದ್ದದ್ದು ದೊಡ್ಡ ಮಾತಲ್ಲಪಾ. ಬಿದ್ದ ಮ್ಯಾಲೆ ಶ್ರೀನಿವಾಸಾಚಾರ್ರು ಗೋಪಾಲದಾಸರ ಹಂತ್ಯಾಕ ಹೋದ್ರು. ನಿನ್ನ ಆಚಾರ್ಯ ಯಾರ ಹಂತ್ಯಾಕ ಹೋದ?’ ಎಂದು ಕೇಳಿದನು. ವಿಶ್ವವಿದ್ಯಾನಿಲಯದ ವಿಚಾರಸಂಕಿರಣಗಳಲ್ಲಿ ಮುಂದೆ ನಾನು ಕೇಳಿದ ಎಷ್ಟೋ ಭಾಷಣಗಳಿಗಿಂತ ಈ ಒಂದು ಮಾತು ನೆಟ್ಟಗೆ ಗುರಿಗೆ ತಗಲುತ್ತದೆ. ಹಳೆಯ ಕಥೆಯಲ್ಲಿ ಸೋತ ಪಂಡಿತನಿಗೆ ಗುರುವುಂಟು, ಅಂಕಿತವುಂಟು, ಹಾಡುವ ಪಂಗಡವುಂಟು. ಪ್ರಾಣೇಶಾಚಾರ್ಯನಿಗೆ ಸಿಕ್ಕಿದವನು ತೇರಿಗೆ ಹೊರಟ ಪುಟ್ಟ. ದೇವರು ಉತ್ತರ ಕೊಡದೆ, ಗುರು ಎದುರಾಗದೆ, ತನ್ನ ನಿರ್ಧಾರವನ್ನು ತಾನೊಬ್ಬನೇ ಹೊರಬೇಕಾದ ಮನುಷ್ಯನ ಚಿತ್ರ ಅದು. ನವ್ಯವೆಂದು ನಾವು ಯಾವುದಕ್ಕೆ ಹೆಸರಿಟ್ಟೆವೋ ಅದರ ತಿರುಳು ಇಲ್ಲೇ ಇದೆ. ಅಜ್ಜನಿಗೆ ‘ನವ್ಯ’ವೆಂಬ ಶಬ್ದ ಗೊತ್ತಿರಲಿಲ್ಲ, ತನಗೆ ಬೇಡವಾದುದು ಏನೆಂಬುದು ಮಾತ್ರ ಸರಿಯಾಗಿ ಗೊತ್ತಿತ್ತು.

ಈ ಒಂಟಿತನ ಪರದೇಶದಿಂದ ತಂದ ಸರಕೆಂಬುದು ಇನ್ನೊಂದು ಆಕ್ಷೇಪಣೆ. ಅನಂತಮೂರ್ತಿಯವರು ಕಾದಂಬರಿಯನ್ನು ಬರೆದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಇದ್ದಾಗ. ಸ್ವೀಡನ್ನಿನ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು ತಮ್ಮ ಅಧ್ಯಾಪಕರಾದ ಮಾಲ್ಕಂ ಬ್ರಾಡ್‌ಬರಿಯವರೊಡನೆ ನೋಡಿ ಬಂದ ಮೇಲೆ ಇದರ ಹೊಳಹು ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮಧ್ಯಯುಗವನ್ನು ಯುರೋಪಿನವರು ಪುಸ್ತಕದಿಂದ ತಿಳಿಯಬೇಕು, ಭಾರತೀಯನಾದ ನಿನಗೆ ಅದು ನೆನಪಿನಲ್ಲೇ ಇದೆಯಲ್ಲವೆ ಎಂಬ ಅರ್ಥದ ಮಾತನ್ನು ಬ್ರಾಡ್‌ಬರಿ ಆಡಿದರಂತೆ. ಆ ಚಿತ್ರದಲ್ಲಿಯೂ ಪ್ಲೇಗು, ದೇವರ ಮೌನ. ಫ್ರೆಂಚ್ ಲೇಖಕ ಕಮೂನ ಕಾದಂಬರಿಯೊಂದರ ಹೆಸರೇ ಪ್ಲೇಗು. ಆದುದರಿಂದ ‘ಎರವಲು’ ಎಂಬ ಮಾತು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ಲೇಗು ನಮ್ಮವರಿಗೆ ಪುಸ್ತಕದಿಂದ ಬಂದುದಲ್ಲವಷ್ಟೆ! ನನ್ನ ಹುಟ್ಟೂರಾದ ದೇವದುರ್ಗದ ಮುದುಕರು ಈ ಕಥೆ ಕೇಳಿ ಎತ್ತಿದ ಆಕ್ಷೇಪಣೆಯೇ ಬೇರೆ. ಇಲಿ ಬಿದ್ದ ಮರುದಿನವೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಸುಗೂಸಿಗೂ ಗೊತ್ತಿದ್ದ ಕಾಲದಲ್ಲಿ, ಅಷ್ಟು ಓದಿದ ಬ್ರಾಹ್ಮಣರಿಗೆ ಅದು ತಿಳಿಯಲಿಲ್ಲವೆಂದರೆ ನಂಬುವುದು ಹೇಗೆ ಎಂಬುದು ಅವರ ಕೊಂಕು. ಶಾಸ್ತ್ರದಲ್ಲಿ ಹುಡುಕುತ್ತಿದ್ದವರಿಗೆ ಕಾಲ ಬುಡದ ಇಲಿ ಕಾಣಲಿಲ್ಲವೆಂಬುದೇ ಗ್ರಂಥಕರ್ತರ ಅಭಿಪ್ರಾಯವಿರಬೇಕು. ಮುದುಕರು ಅದನ್ನು ತಪ್ಪೆಂದು ಹಿಡಿದರೂ, ತಿಳಿಯದೆಯೇ ಕಥೆಯ ಮರ್ಮವನ್ನು ಮುಟ್ಟಿದರು.

ಪುಸ್ತಕದ ಜಗಳ ಮನೆಯೊಳಗಿನದು. ಚಲಚ್ಚಿತ್ರವಾದ ಮೇಲೆ ಅದು ಬೀದಿಗೆ ಬಂದಿತು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರದಲ್ಲಿ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿಯವರು ಚಂದ್ರಿ. (ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡ ಆ ಕಲಾವಿದೆ ೧೯೭೭ರ ಜನವರಿಯಲ್ಲಿ ತೀರಿಕೊಂಡರು.) ಸಂಗೀತ ರಾಜೀವ ತಾರಾನಾಥರದು, ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಮಗನೆಂದು ಅವರ ಹೆಸರನ್ನು ನಮ್ಮ ಊರಿನವರು ಸ್ವಲ್ಪ ಗಟ್ಟಿಯಾಗಿಯೇ ಹೇಳುವುದುಂಟು. ಮದರಾಸಿನ ಸೆನ್ಸಾರ್ ಮಂಡಲಿಯು, ಚಿತ್ರದಿಂದ ಜನರ ಭಾವನೆ ಕದಡೀತೆಂದು ತಡೆಯಿತು. ಮೇಲಿನವರ ಮುಂದೆ ವಾದ ನಡೆದು ತಡೆ ತೆರವಾಯಿತು. ಅದೇ ಚಿತ್ರ ೧೯೭೦ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಕನ್ನಡಕ್ಕೆ ಬಂದ ಮೊದಲ ಸ್ವರ್ಣಪದಕ ಅದು. ಒಂದು ಸರಕಾರಿ ಮಂಡಲಿ ಅಪಾಯವೆಂದುದನ್ನು ಇನ್ನೊಂದು ಸರಕಾರಿ ಮಂಡಲಿ ಬಂಗಾರವೆಂದಿತು. ಪದಕ ಬಂದುದರಿಂದ ವಿರೋಧಿಗಳ ಮನಸ್ಸು ತಿರುಗಿತೆಂದು ಹೇಳಲಾರೆ. ನಮ್ಮ ಅಜ್ಜನಂತೂ, ‘ಪದಕ ಕೊಟ್ಟವ್ರಿಗೆ ಸೂತಕ ಅಂದ್ರೇನು ಗೊತ್ತದ?’ ಎಂದು ಬಾಯಿ ಮುಚ್ಚಿಸಿದನು.

೧೯೭೬ರಲ್ಲಿ ಎ. ಕೆ. ರಾಮಾನುಜನ್ನರು ಇಂಗ್ಲಿಷಿಗೆ ತಂದ ಮೇಲೆ ಕಥೆ ದೇಶಾಂತರಕ್ಕೆ ಹೋಯಿತು. ಮರುವರ್ಷವೇ ವಿ. ಎಸ್. ನೈಪಾಲರು ಭಾರತವನ್ನು ಕುರಿತ ತಮ್ಮ ಗ್ರಂಥದಲ್ಲಿ ಪ್ರಾಣೇಶಾಚಾರ್ಯನನ್ನು ಎತ್ತಿಕೊಂಡು, ನಿಯಮಗಳು ಕುಸಿದ ಕೂಡಲೆ ನಿಲ್ಲಲು ತನ್ನದೆಂಬ ನೆಲೆಯಿಲ್ಲದ ಹಿಂದೂ ಮನಸ್ಸಿಗೆ ಅವನನ್ನು ನಿದರ್ಶನವಾಗಿಸಿದರು. ಇದು ವಿಚಿತ್ರವಲ್ಲವೆ? ಇಲ್ಲಿಯ ಮಡಿವಂತರು ಈ ಕಥೆ ಒಂದು ಸಮಾಜದ ವರದಿಯೆಂದು ಬೈದರು. ಅಲ್ಲಿಯ ಬುದ್ಧಿವಂತರು ಅದನ್ನೇ ವರದಿಯೆಂದು ನಂಬಿ ಒಂದು ನಾಗರಿಕತೆಗೆ ತೀರ್ಪಿತ್ತರು. ಇಬ್ಬರ ಓದೂ ಒಂದೇ ಬಗೆಯದು. ನೈಪಾಲರಿಗೆ ನಮ್ಮ ಶ್ರೀನಿವಾಸಾಚಾರ್ಯರ ಕಥೆಯನ್ನು ಯಾರಾದರೂ ಹೇಳಿದ್ದರೆ ಹೇಗಿರುತ್ತಿತ್ತೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಅನಂತಮೂರ್ತಿಯವರಿಗೆ ೧೯೯೪ರ ಜ್ಞಾನಪೀಠ ಬಂದಿತು. ೨೦೧೪ರಲ್ಲಿ ಅವರು ನಿಧನರಾದರು. ಈ ನಡುವೆ ಆಕ್ಷೇಪಣೆ ಎತ್ತುವವರೂ ಬದಲಾದರು. ದಲಿತ ವಾಚಕರು ಕೇಳಿದ ಪ್ರಶ್ನೆ ಹಿಂದಿನ ಎರಡು ಪಕ್ಷಕ್ಕೂ ಹೊಳೆದಿರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬನು, ಪಠ್ಯದಲ್ಲಿಲ್ಲದ ಈ ಪುಸ್ತಕವನ್ನು ನನ್ನಿಂದ ಒಯ್ದು ಓದಿ, ತಂದುಕೊಡುವಾಗ ಹೀಗೆಂದನು: ‘ಸರ್, ಕೇರಿಯಾಗ ಸತ್ತವ್ರನ್ನ ಗುಡಿಸಲ ಸಮೇತ ಸುಟ್ಟುಬಿಡ್ತಾರ್ರೀ. ಅವ್ರಿಗೆ ಸಂಸ್ಕಾರ ಯಾರು ಮಾಡ್ಬೇಕಂತ ಯಾರೂ ಪುಸ್ತಕ ತಗದು ನೋಡ್ಲಿಲ್ಲಲ್ರೀ?’ ಅದೇ ಬೇನೆ, ಅದೇ ಊರು. ಅಗ್ರಹಾರದ ಒಂದು ಹೆಣಕ್ಕೆ ಇಡೀ ಕಾದಂಬರಿ, ಕೇರಿಯ ಹೆಣಗಳಿಗೆ ಕೆಲವು ಸಾಲು. ಅದು ಅಗ್ರಹಾರದ ಕುರುಡೋ, ಗ್ರಂಥಕರ್ತರ ಕುರುಡೋ ಎಂದು ನಾನು ಆ ಹುಡುಗನೊಡನೆ ಅರ್ಧ ಗಂಟೆ ಮಾತಾಡಿದೆ. ಅಗ್ರಹಾರದ ಕುರುಡನ್ನು ತೋರಿಸಲೆಂದೇ ಗ್ರಂಥಕರ್ತರು ಹಾಗೆ ಬರೆದಿದ್ದಾರೆಂದು ನಾನು ವಾದಿಸಿದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಹೇಳುತ್ತಿದ್ದ ನನಗೂ ಅಷ್ಟು ಧೈರ್ಯವಿರಲಿಲ್ಲ.

ಚಂದ್ರಿಯ ವಿಷಯದಲ್ಲಿಯೂ ಹೀಗೆಯೇ. ಆಕೆಯನ್ನು ಬರಿಯ ಚೆಲುವಾಗಿ, ಗಂಡಸಿನ ಮೋಕ್ಷಕ್ಕೋ ಪತನಕ್ಕೋ ಒಂದು ಮೆಟ್ಟಿಲಾಗಿ ಇಟ್ಟಿದ್ದಾರೆಂದು ಮಹಿಳಾ ವಿಮರ್ಶಕರು ಹೇಳಿದ್ದಾರೆ. ಈ ಮಾತನ್ನು ನಾನು ಮೊದಲು ಕೇಳಿದುದು ವಿಮರ್ಶೆಯ ಪುಸ್ತಕದಲ್ಲಲ್ಲ. ನಮ್ಮ ತಾಯಿ ಏಳನೆಯ ಇಯತ್ತೆಯ ವರೆಗೆ ಓದಿದವಳು. ತವರಿಗೆ ಹೋದಾಗಲೆಲ್ಲ ಅಪ್ಪನೂ ಅಣ್ಣನೂ ಮಾಳಿಗೆಯ ಮೇಲೆ ನಡೆಸುತ್ತಿದ್ದ ಜಗಳವನ್ನು ಹತ್ತಿ ಬಿಡಿಸುತ್ತ ಕೇಳುತ್ತಿದ್ದಳು. ಒಂದು ರಾತ್ರಿ, ಆಚಾರ್ಯನು ಊರಿಗೆ ಹಿಂದಿರುಗಿ ನಾರಣಪ್ಪನ ಹೆಣಕ್ಕೆ ಬೆಂಕಿ ಕೊಟ್ಟನೋ ಇಲ್ಲವೋ ಎಂದು ಇಬ್ಬರೂ ಏರುದನಿಯಲ್ಲಿದ್ದಾಗ ಆಕೆ ನಡುವೆ ಬಾಯಿ ಹಾಕಿದಳು. ‘ಯಾವ ಹೆಣ? ಹೆಣ ಎಲ್ಲದ? ಆಕಿ ಆವತ್ತೇ ರಾತ್ರಿ ಸುಟ್ಟು ಹೋಗ್ಯಾಳಲ್ಲ. ನೀವಿಬ್ಬರೂ ಪುಸ್ತಕ ಓದೀರೋ ಇಲ್ಲೋ?’

ಮಾವನು ಕೆಳಗಿಳಿದು ಹೋಗಿ ಪುಸ್ತಕ ತಂದು, ಕಂದೀಲಿನ ಬೆಳಕಿಗೆ ಹಿಡಿದು ಹುಡುಕಿದನು. ಇತ್ತು. ಕಾಡಿನಿಂದ ಹಿಂದಿರುಗಿದ ಚಂದ್ರಿ, ಗಾಡಿಯವನೊಬ್ಬನು ಬ್ರಾಹ್ಮಣರ ಹೆಣ ಮುಟ್ಟಲಾರೆನೆಂದು ಹೆದರಿ ಹಿಂಜರಿದಾಗ, ಮುಸಲ್ಮಾನರ ಕೇರಿಗೆ ಹೋಗುತ್ತಾಳೆ. ಹಿಂದೆ ನಾರಣಪ್ಪನಿಂದ ಉಪಕಾರ ಪಡೆದಿದ್ದ ಅಹಮದ್ ಬ್ಯಾರಿ ಗಾಡಿ ಹೂಡಿ ಸೌದೆ ಹೇರಿಕೊಂಡು ಬರುತ್ತಾನೆ. ಊರು ಮಲಗಿರುವಾಗ ಹೆಣ ಬೂದಿಯಾಗುತ್ತದೆ. ಆಕೆ ಅತ್ತು, ಗಂಟು ಕಟ್ಟಿಕೊಂಡು ಕುಂದಾಪುರದ ಬಸ್ಸಿನ ದಾರಿ ಹಿಡಿಯುತ್ತಾಳೆ. ಆಚಾರ್ಯನಿಗೆ ಕೊನೆಯ ವರೆಗೂ ಇದು ಗೊತ್ತಿಲ್ಲ. ಗ್ರಂಥಕರ್ತರು ಇದನ್ನು ಗುಟ್ಟಾಗಿಯೂ ಇಟ್ಟಿಲ್ಲ. ಎಲ್ಲರ ಕಣ್ಣೆದುರಿಗೇ ಬರೆದಿಟ್ಟಿದ್ದಾರೆ. ಹತ್ತು ವರ್ಷ ಜಗಳವಾಡಿದ ಇಬ್ಬರು ಗಂಡಸರು ಆ ಪುಟಗಳನ್ನು ಓದಿಯೂ ಮರೆತಿದ್ದರು.

‘ಅದು ಸಂಸ್ಕಾರ ಆಗೂದಿಲ್ಲ, ಮಂತ್ರ ಇಲ್ಲ’ ಎಂದು ಅಜ್ಜ ಮೆಲ್ಲಗೆ ಹೇಳಿದನು. ತಾಯಿ ಹತ್ತಿಯ ಬುಟ್ಟಿಯನ್ನು ಎತ್ತಿಕೊಂಡು, ‘ಸುಟ್ಟದ್ದಂತೂ ಆತಲ್ಲ’ ಎಂದು ಮೆಟ್ಟಿಲು ಇಳಿದು ಹೋದಳು. ಆ ರಾತ್ರಿ ಮಾತು ಮುಂದುವರಿಯಲಿಲ್ಲ. ಬೆಳಗಾದ ಮೇಲೆ ಅಜ್ಜನು ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಮತ್ತೊಮ್ಮೆ ಓದಲು ಕುಳಿತಿದ್ದುದನ್ನು ನಾನು ಕಂಡೆ.